ಆಚೆ ದಡದ ಬಿಸಿಲು

ಕುರಿದೊಗಲ ಹೊದಿಕೆಯನ್ನು ಎದೆಗವಚಿಕೊಂಡು ಛೋರೊಲ್ ಉಗ್ರಾಣದ ಅಗುಳಿಗೆ ಕೈಯಿಟ್ಟಿದ್ದಳಷ್ಟೇ, ಇಶೇ ಬಂದು ಬಾಗಿಲಿಗೆ ಅಡ್ಡ ನಿಂತ.

“ಅಬಿ, ಎಲ್ಲಿಗೆ?” ಊರಿಗೆಲ್ಲ ಅವಳು ಅಬಿ, ಅಂದರೆ ಅಜ್ಜಿ.

“ಒಳಗೆ. ಮುದುಕನಿಗೆ ಹೊದಿಸಿ ಬರ್ತೀನಿ.”

ಇಶೇ ಹೊದಿಕೆಯನ್ನು ಮುಟ್ಟಿ ನೋಡಿದ. ಬೆಚ್ಚಗಿತ್ತು. ಅದು ಒಲೆಯ ಮುಂದೆ ಹಿಡಿದ ಬಿಸಿಯಲ್ಲ. ಗಾಜಿನ ಕೋಣೆಯ ಹಿಂದಿನ ಕಪ್ಪು ಗೋಡೆ ಹಗಲು ಕುಡಿದ ಬಿಸಿಲನ್ನು ಬೆಳಗಿನವರೆಗೂ ಹೊಟ್ಟೆಯಲ್ಲಿಟ್ಟುಕೊಂಡಿರುತ್ತಿತ್ತು. ಮುದುಕಿ ಹೊದಿಕೆಯನ್ನು ಅದಕ್ಕೆ ಒತ್ತಿಟ್ಟು ಕಾಯಿಸಿಕೊಂಡು ಬಂದಿದ್ದಳು.

“ಏನ್ ಅಬಿ ನೀನು! ಇಡೀ ಮನೇಲಿ ತಣ್ಣಗಿರೋದು ಇದೊಂದೇ ಕೋಣೆ ಅಂತ ತಾನೇ ಮೇಮೇನ ಇಲ್ಲಿ ಕೂರಿಸಿರೋದು? ಬೇರೆಯವರ ಮನೇಲಾದ್ರೆ ಈ ಚಳೀಲಿ ಎಲ್ಲಿ ಕೂರಿಸಿದ್ರೂ ಹೆಣ ಕಲ್ಲಿನ ಹಾಗಿರುತ್ತೆ. ಈ ಮನೇಲಿ ಚಳಿ ಇರೋ ಜಾಗ ಹುಡುಕೋಕೇ ನಮಗೆ ಸಾಕು ಸಾಕಾಯ್ತು.”

“ಅದನ್ನೇ ನಾನೂ ಹೇಳ್ತಿರೋದು. ಹುಡುಕಿ ಹುಡುಕಿ ಅವನಿಗೆ ಆಗದ ಜಾಗದಲ್ಲೇ ಕೂರಿಸಿದ್ದೀರಿ.”

ನೀರಿನ ಕೊಡ ಹೊತ್ತು ಹಾದುಹೋಗುತ್ತಿದ್ದ ತುಂಡುಪ್ ಅಲ್ಲೇ ನಿಂತ. “ಸತ್ತೋರಿಗೆ ಚಳಿ ಆಗಲ್ಲ ಅಬಿ.”

“ನೀನು ಸತ್ತು ನೋಡಿದ್ದೀಯೇನೋ?”

ತುಂಡುಪ್ ನಗು ತಡೆಯಲಾರದೆ ಕೊಡದ ನೀರನ್ನು ಹೆಗಲ ಮೇಲೆ ಚೆಲ್ಲಿಕೊಂಡ. ಇಶೇ ನಗಲಿಲ್ಲ. ಅವನು ಪಾಸ್ಪುನ್‌ನ ಹಿರಿಯ. ಒಂದೇ ಮನೆದೇವರಿಗೆ ನಡೆದುಕೊಳ್ಳುವ ನಾಲ್ಕಾರು ಮನೆಗಳ ಆ ಬಳಗಕ್ಕೆ ಸಾವಿನ ದಿನಗಳಲ್ಲಿ ಇಡೀ ಮನೆಯನ್ನೇ ಒಪ್ಪಿಸಿಬಿಟ್ಟಂತೆ. ಹೆಣಕ್ಕೆ ಕೈ ಹಚ್ಚುವವರು ಅವರು, ಅಡಿಗೆ ಮಾಡುವವರು ಅವರು, ಹೊರುವವರೂ ಸುಡುವವರೂ ಅವರೇ. ಮನೆಯವರಿಗೆ ಅಳುವುದೊಂದೇ ಕೆಲಸ. ಛೋರೊಲ್‌ಗೆ ಬರಿಗೈಯಲ್ಲಿ ಕುಳಿತು ಗೊತ್ತಿರಲಿಲ್ಲ. ಅಳುವುದಕ್ಕೆ ತಕ್ಕ ಕಾರಣವೂ ಅವಳಿಗೆ ಕಾಣಲಿಲ್ಲ. ಅವಳ ಗಂಡ ಪುಂಚೋಕ್, ಊರಿಗೆಲ್ಲ ಮೇಮೆ ಅಂದರೆ ಅಜ್ಜ, ಮಾಗಿದ ಮುದುಕ. ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದವನು, ಚಹಾ ತರುತ್ತೇನೆಂದು ಅವಳು ಎದ್ದುಹೋಗಿ ಬರುವಷ್ಟರಲ್ಲಿ ಹಾಗೆಯೇ ಹೋಗಿಬಿಟ್ಟಿದ್ದ. ಅದು ಯಾರಾದರೂ ಬೇಡಿಕೊಳ್ಳುವಂಥ ಸಾವು. ಅವಳ ಸಂಕಟ ಅದಕ್ಕಲ್ಲ. ಆ ಬಿಸಿಲಿನಿಂದ ಎತ್ತಿ ಅವನನ್ನು ಕತ್ತಲೆಯ ಉಗ್ರಾಣಕ್ಕೆ ಹಾಕಿದ್ದರಲ್ಲ, ಅದಕ್ಕೆ.

“ಹೋಗಲಿ, ಇವತ್ತು ಎಷ್ಟು ಹೊತ್ತಿಗೆ ಹೊರಡೋದು?” ಎಂದಳು.

“ಗ್ರಹ ನಕ್ಷತ್ರ ನೋಡಿ ಓನ್ಪೋ ಲೆಕ್ಕ ಹಾಕಿ ಹೇಳಿದಾರೆ. ಮಾಳಿಗೆಗೆ ಬಿಸಿಲು ಮುಟ್ಟೋಕೆ ಮುಂಚೆ ಮನೆ ಬಿಡಬೇಕು.”

ಛೋರೊಲ್ ಹೊದಿಕೆಯನ್ನು ಕೆಳಗಿಳಿಸಿದಳು.

“ಅಂದ್ರೆ ನೆರಳಲ್ಲೇ ಹೊತ್ಕೊಂಡು ಹೋಗ್ತೀರಿ.”

“ಮತ್ತೆ?”

“ಸುಡೋ ಜಾಗಕ್ಕಂತೂ ಈ ತಿಂಗಳು ಪೂರ್ತಿ ಬಿಸಿಲೇ ಬೀಳಲ್ಲ. ದಾರೀಲೂ ಇಲ್ಲ, ಇಲ್ಲೂ ಇಲ್ಲ. ಜನ್ಮವೆಲ್ಲ ಬಿಸಿಲು ಹಿಡಿದು ಮನೆಯೊಳಗೆ ತಂದೋನಿಗೆ ಹೋಗೋವಾಗ ಒಂದು ಹಿಡಿ ಬಿಸಿಲು ಬೇಡವೇನೋ ಇಶೇ? ಒಂದು ಗಳಿಗೆ ತಡಮಾಡಿದ್ರೆ ಆಕಾಶ ಬೀಳುತ್ತಾ?”

“ಓನ್ಪೋ ಹೇಳಿದ್ದನ್ನ ಮೀರಿ ನಾಳೆ ಯಾರದಾದರೂ ಮನೇಲಿ ಇನ್ನೊಂದು ಹೆಣ ಬಿದ್ರೆ? ಆಗ ಊರು ನಿನ್ನ ಕೇಳಲ್ಲ ಅಬಿ, ನನ್ನ ಕೇಳುತ್ತೆ.” ಇಶೇ ದನಿ ತಗ್ಗಿಸಿದ. “ಬೇರೆ ಏನು ಬೇಕಾದ್ರೂ ಕೇಳು. ಇದೊಂದು ಆಗಲ್ಲ.”

ತುಂಡುಪ್‌ನ ಕಡೆ ತಿರುಗಿ, “ನೀನೇನು ನಿಂತು ನೋಡ್ತೀಯ? ಆಚೆ ದಡಕ್ಕೆ ಹೋಗಿ ಸೌದೆ ತಗೊಂಡ್ ಬಾ. ಗ್ಯಾಲ್ಸನ್ ಮನೇದೊಂದು ಬಂದಿಲ್ಲ,” ಎಂದ.

ಆ ಹೆಸರು ಕೇಳಿದ್ದೇ ಛೋರೊಲ್ ಹೊದಿಕೆಯನ್ನು ಮಡಿಚಲು ತೊಡಗಿದಳು. ಗ್ಯಾಲ್ಸನ್ ಅವಳ ಒಡಹುಟ್ಟಿದ ಅಣ್ಣ. ಸಾವಿನ ಸುದ್ದಿ ಮುಟ್ಟಿ ದಿನಗಳು ಕಳೆದಿದ್ದವು. ಅವನು ಹೊಳೆ ದಾಟಿ ಬಂದಿರಲಿಲ್ಲ.

*

ಆ ಊರನ್ನು ಹೊಳೆ ಎರಡು ಮಾಡಿತ್ತು. ಬೇಸಿಗೆಯಲ್ಲಿ ಎರಡು ದಡಕ್ಕೂ ಒಂದೇ ಬಿಸಿಲು. ಚಳಿಗಾಲದಲ್ಲಿ ಮಾತ್ರ ಸೂರ್ಯ ದಕ್ಷಿಣದ ಬೆಟ್ಟಸಾಲಿನ ನೆತ್ತಿಯನ್ನು ಸವರಿಕೊಂಡು ಹೋಗುತ್ತಾನೆ. ಆಗ ಆಚೆ ದಡ ಬೆಳಿಗ್ಗೆಯೇ ಬೆಳಗಿ ಸಂಜೆಯವರೆಗೂ ಬೆಳಗುತ್ತದೆ, ಬೆಟ್ಟದ ಬುಡಕ್ಕೆ ಒತ್ತಿಕೊಂಡ ಈಚೆ ದಡ ಹೊತ್ತೇರುವವರೆಗೂ ನೀಲಿ ನೆರಳಿನಲ್ಲಿ ಮುದುಡಿ ಕುಳಿತಿರುತ್ತದೆ.

ಛೋರೊಲ್ ಆಚೆ ದಡದ ಹುಡುಗಿ. ಈಚೆ ದಡದ ಪುಂಚೋಕ್ ಹೆಣ್ಣು ಕೇಳಲು ಜವೆಗೋಧಿಯ ಹೆಂಡ ಛಾಂಗ್ ತುಂಬಿದ ಪಾತ್ರೆ ಹಿಡಿದು ಬಂದಾಗ ಅವಳ ಅಪ್ಪ ಪಾತ್ರೆಯ ಮುಚ್ಚಳವನ್ನೇ ತೆಗೆಯಲಿಲ್ಲ.

“ನಿಮ್ಮ ದಡಕ್ಕೆ ಬಿಸಿಲು ಅವಸರದ ನೆಂಟನ ಹಾಗೆ ಬರುತ್ತೆ. ಕೂರೋದೂ ಇಲ್ಲ, ಒಂದು ಬಟ್ಟಲು ಚಹಾ ಕುಡಿಯೋದೂ ಇಲ್ಲ. ನನ್ನ ಮಗಳನ್ನ ನೆರಳಿಗೆ ಕೊಡಲ್ಲ.”

“ಬಿಸಿಲು ತಾನೇ? ತಂದುಕೊಡ್ತೀನಿ,” ಎಂದಿದ್ದ ಪುಂಚೋಕ್.

“ಏನು, ಮೂಟೇಲಿ ಕಟ್ಕೊಂಡು ಹೋಗ್ತೀಯಾ?”

“ಯಾವುದರಲ್ಲಿ ಅಂತ ಇನ್ನೂ ಗೊತ್ತಿಲ್ಲ.”

ಎಳವೆಯಲ್ಲೇ ತಂದೆತಾಯಿ ತೀರಿಕೊಂಡು, ಕಂಡವರ ಕೊಟ್ಟಿಗೆಯಲ್ಲಿ ಮೇಕೆಗಳ ನಡುವೆ ಮಲಗಿ ಚಳಿಗಾಲ ಕಳೆದವನು ಅವನು. ಬೆಚ್ಚಗಿರುವುದು ಬಿಟ್ಟರೆ ಬದುಕಿನಲ್ಲಿ ಬೇರೆ ದೊಡ್ಡ ಆಸೆ ಇದ್ದಂತೆ ಕಾಣಲಿಲ್ಲ. ಆ ಉತ್ತರ ಕೇಳಿ ಒಳಗೆ ನಕ್ಕವಳು ಛೋರೊಲ್. ಕೊನೆಗೆ ಅಪ್ಪನನ್ನು ಒಪ್ಪಿಸಿದವಳೂ ಅವಳೇ.

ಮದುವೆಯಾದ ಮೊದಲ ಚಳಿಗಾಲ ಅವಳಿಗೆ ಕೆಮ್ಮು ಹಿಡಿಯಿತು. ಬೆರಣಿಯ ಹೊಗೆ ತುಂಬಿದ ಅಡಿಗೆಮನೆಯಲ್ಲಿ ಒಂದು ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಾಗ ಹೊಳೆಯ ಕಡೆಯ ಸಣ್ಣ ಕಿಟಕಿಯಿಂದ ಬೆಳಕಿನ ಬಿಲ್ಲೆಯೊಂದು ಒಳಗೆ ನುಗ್ಗಿ, ಗೋಡೆಯ ಮೇಲೆ ತಡಕಾಡಿ, ಗೂಡಿನಲ್ಲಿದ್ದ ತಾಮ್ರದ ಹಂಡೆಯ ಮೇಲೆ ನಿಂತಿತು. ಆ ಕಿಟಕಿಗೆ ಬಿಸಿಲು ಬಿದ್ದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಬೆಂಕಿ ಬಿತ್ತೆಂದು ಹೆದರಿ ಅವಳು ಹಿಟ್ಟಿನ ಕೈಯಲ್ಲೇ ಹೊರಗೋಡಿದಳು. ಹೊಳೆಯಾಚೆ ತನ್ನ ತವರಿನ ಮಾಳಿಗೆಯ ಮೇಲೆ ಅಣ್ಣ ಗ್ಯಾಲ್ಸನ್ ಒಂದು ದೊಡ್ಡ ಕನ್ನಡಿಯನ್ನು ತಬ್ಬಿ ನಿಂತಿದ್ದ. ಅವನ ಪಕ್ಕದಲ್ಲಿ ಅವಳ ಗಂಡ ಎರಡು ಕೈಯನ್ನೂ ಎತ್ತಿ ಕುಣಿಯುತ್ತಿದ್ದ.

ಅದು ದಂಡಿನ ಬಿಡಾರದ ಗುಜರಿಯಲ್ಲಿ ಸಿಕ್ಕ, ಯಾವುದೋ ಬೀರುವಿನ ಕನ್ನಡಿ. ಸೂರ್ಯ ಒಂದೆಡೆ ನಿಲ್ಲುವವನಲ್ಲವಾದ್ದರಿಂದ ಅದನ್ನು ಆಗಾಗ ತಿರುಗಿಸುತ್ತಲೇ ಇರಬೇಕು. ಇಲ್ಲವಾದರೆ ಬಿಲ್ಲೆ ಹಂಡೆಯಿಂದ ಜಾರಿ ಗೋಡೆ ಹತ್ತಿ ಮಾಯವಾಗುತ್ತಿತ್ತು. ಆ ಚಳಿಗಾಲವೆಲ್ಲ ಗ್ಯಾಲ್ಸನ್ ಬೆಳಗಿನ ಚಹಾ ಕುಡಿಯುತ್ತ ಕನ್ನಡಿ ತಿರುಗಿಸಿದ. ಛೋರೊಲ್ ಆ ಬೆಳಕಿಗೆ ಎದೆ ಕೊಟ್ಟು ಕುಳಿತು ಹಿಟ್ಟು ನಾದಿದಳು. ಕೆಮ್ಮು ಹೋಯಿತು.

*

ಗಾಜಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಜರಿ ಬಸ್ಸುಗಳ ಕಿಟಕಿಗಳನ್ನು ತಂದು ಪುಂಚೋಕ್ ಜೋಡಿಸಿದ ಕೋಣೆ ಅದು. ಒಂದು ಗಾಜಿನ ಮೇಲೆ ಕೈ, ತಲೆ ಹೊರಗೆ ಹಾಕಬಾರದೆಂಬ ಎಚ್ಚರಿಕೆ ಇನ್ನೂ ಅಳಿಸಿರಲಿಲ್ಲ. ಅದರ ಕೆಳಗೆ ಕುಳಿತು ಲಾಮಾ ಪೋಥಿ ಓದುತ್ತಿದ್ದರು. ಬಂದವರು ಬೆಣ್ಣೆ, ಹುರಿಹಿಟ್ಟು, ಬಿಳಿ ವಲ್ಲಿಗಳನ್ನು ಒಪ್ಪಿಸಿ ಕಪ್ಪು ಗೋಡೆಗೆ ಒರಗಿ ಕುಳಿತವರು ಏಳುವ ಲಕ್ಷಣವೇ ಇರಲಿಲ್ಲ.

“ಸಾವಿನ ಮನೆಗೆ ಬಂದು ಬೆವರ್ತಾ ಕೂತಿದ್ದೀವಲ್ಲ,” ಎಂದು ಒಬ್ಬ ಮುದುಕ ಗೋಡೆಗೆ ಬೆನ್ನುಜ್ಜಿದ. “ಇನ್ನೆರಡು ದಿನ ಇಟ್ಕೊಂಡಿದ್ರೆ ನನ್ನ ಸೊಂಟನೋವು ಪೂರ್ತಿ ಹೋಗ್ತಿತ್ತು.”

“ನಿಮ್ಮ ಸೊಂಟಕ್ಕೆ ಮೇಮೇನ ಇಟ್ಕೋಬೇಕಾ? ಮನೇಲಿ ಒಂದು ಗೋಡೆಗೆ ಮಸಿ ಬಳೀರಿ,” ಎಂದಳು ಚಹಾ ಬಡಿಸುತ್ತಿದ್ದ ಪದ್ಮಾ. ಪಾಸ್ಪುನ್‌ನ ಅಡಿಗೆ ಈ ಸಾರಿ ಅವಳ ಪಾಲು. “ಒಲೆ ಮಸೀನ ಜರ್ದಾಳು ಬೀಜದ ಎಣ್ಣೇಲಿ ಕಲಸಿ ಬಳಿಯೋದು, ಮುಂದೆ ಗಾಜು ಇಲ್ಲಾ ಪ್ಲಾಸ್ಟಿಕ್ ಹಾಳೆ ಬಿಗಿಯೋದು. ಮಾಡೋಕೇನು ರೋಗ?”

“ಅವನು ಮೊದಲು ಕಟ್ಟಿದ ಪ್ಲಾಸ್ಟಿಕ್ ಹಾಳೆ ಮೇಕೆ ತಿಂದಿದ್ದು ನೆನಪಿದೆಯಾ?”

“ಮೇಕೆ ತಿಂತು, ಮಾರನೇ ವರ್ಷ ಮತ್ತೆ ಕಟ್ಟಿದ. ನಮ್ಮ ಯಜಮಾನರು ನಕ್ಕಿದ್ದೇ ನಕ್ಕಿದ್ದು. ಇವರ ಮನೇಲಿ ಬಚ್ಚಲ ಪೀಪಾಯಿಗೆ ಕಪ್ಪು ಬಳಿದು, ಗಾಜಿನ ಪೆಟ್ಟಿಗೇಲಿ ಮಲಗಿಸಿ ಮಾಳಿಗೆ ಮೇಲಿಟ್ಟಾಗ, ಪುಂಚೋಕ್ ನೀರಿಗೂ ಸಂಸಾರ ಹೂಡಿಕೊಟ್ಟ ಅಂತ ಊರೆಲ್ಲ ಹೇಳ್ಕೊಂಡು ಬಂದರು. ಚಳಿ ಹಿಡೀತು ನೋಡಿ, ಬಿಸಿನೀರು ಬೇಕು ಅಂತ ನನ್ನನ್ನೇ ಇಲ್ಲಿಗೆ ಕೊಡ ಕೊಟ್ಟು ಕಳಿಸಿದರು!”

ನಗು ಎದ್ದಿತು. ಲಾಮಾ ಕೂಡ ಪೋಥಿಯ ಹಾಳೆ ತಿರುಗಿಸುವ ನೆಪದಲ್ಲಿ ತುಸು ನಿಂತರು. ಮೂಲೆಯಲ್ಲಿ ಮಗಳು ಯಾಂಗ್ಡೋಲ್‌ಳ ಪಕ್ಕ ಕುಳಿತ ಛೋರೊಲ್‌ಗೆ ಆ ನಗು ಹಿತವಾಗಿತ್ತು. ಆದರೂ ಅವಳ ಕಣ್ಣು ಬೆಟ್ಟದ ನೆತ್ತಿಯ ಮೇಲೇ ಇತ್ತು. ಅಲ್ಲಿ ಹಿಮದ ಅಂಚು ಬೆಳ್ಳಗಾಗುತ್ತಿತ್ತು, ಅಷ್ಟೇ. ಸೂರ್ಯ ಇನ್ನೂ ಬೆಟ್ಟದ ಹಿಂದೆಯೇ ಇದ್ದ.

ಅಂಗಳದಲ್ಲಿ ಸೌದೆ ಕೆಡವಿದ ಸದ್ದಾಯಿತು. ತುಂಡುಪ್ ಮೀಸೆಯ ಮೇಲಿನ ಹಿಮ ಒರೆಸಿಕೊಳ್ಳುತ್ತ ಒಳಗೆ ಬಂದ.

“ಬದುಕಿರೋವರೆಗೂ ಒಂದು ಬೆರಣಿ ಹೆಚ್ಚು ಉರಿಸೋಕೆ ಬಿಡಲಿಲ್ಲ ಮೇಮೆ. ಈಗ ನೋಡಿ, ಕತ್ತೆ ಹೊರೋವಷ್ಟು ಸೌದೆ ಕೇಳ್ತಿದ್ದಾರೆ. ಗ್ಯಾಲ್ಸನ್ ಮೇಮೆ ಕೊಟ್ಟಿರೋದು ಎಲ್ಲಕ್ಕಿಂತ ಒಣಗಿದ ಸೌದೆ.”

“ಅವನು ಬಂದನೇನೋ?” ಎಂದಳು ಛೋರೊಲ್.

“ಇಲ್ಲ ಅಬಿ. ಮೊಣಕಾಲು ಊದಿದೆ. ಹೆಪ್ಪುಗಟ್ಟಿರೋ ಹೊಳೆ ಮೇಲೆ ಅವರ ಕೈಲಿ ಕಾಲೂರೋಕೆ ಆಗಲ್ಲ.”

“ಮೊಣಕಾಲು ಈ ವರ್ಷ ಊದಿದ್ದು. ಅದಕ್ಕೆ ಮುಂಚೆ ಏನು ಊದಿತ್ತು?” ಎಂದು ಯಾರೋ ಗೊಣಗಿದರು. ಕೆಲವರು ಬಟ್ಟಲಿನೊಳಗೆ ನಕ್ಕರು.

“ಏನಾದರೂ ಅಂದನಾ?”

“ಏನೂ ಅನ್ನಲಿಲ್ಲ. ನಾನೇ ಬಾಯಿ ತಡೀದೆ, ನಿಮ್ಮ ತಂಗಿ, ಗಂಡನಿಗೆ ಬಿಸಿಲು ಬೇಕು ಅಂತ ಬೆಳಿಗ್ಗೆಯಿಂದ ಜಗಳಕ್ಕೆ ನಿಂತಿದ್ದಾಳೆ ಅಂದೆ. ಸುಮ್ಮನೆ ಸೌದೆ ಕಟ್ಟಿಕೊಟ್ರು. ಹೊರಡೋವಾಗ ಮಾತ್ರ, ‘ಹೊಳೆ ದಂಡೆ ದಾರೀಲಿ ಹೋಗ್ತೀರೋ, ಮೇಲಿನ ದಾರೀಲೋ’ ಅಂತ ಕೇಳಿದ್ರು. ಹೊಳೆ ದಂಡೆ ಅಂದೆ.”

“ಅದನ್ಯಾಕೆ ಕೇಳಿದ?”

“ನನಗೇನು ಗೊತ್ತು? ಕಿಟಕೀಲಿ ಕೂತು ನೋಡ್ತಾರೇನೋ.”

*

ಜಗಳ ಹುಟ್ಟಿದ್ದೂ ಬಿಸಿಲಿನಿಂದಲೇ.

ಕನ್ನಡಿಯ ಮರುವರ್ಷ ಪುಂಚೋಕ್ ಕನ್ನಡಿಯ ಚೂರುಗಳನ್ನು ಹಳೆಯ ಬಾಣಲೆಯಾಕಾರದ ತಗಡಿಗೆ ಅಂಟಿಸಿ ಒಲೆಯೊಂದನ್ನು ಮಾಡಿದ. ಸೂರ್ಯನಿಗೆ ಮುಖ ಮಾಡಿಟ್ಟರೆ ಚೂರುಗಳೆಲ್ಲ ಸೇರಿ ನಡುವೆ ಹಿಡಿದ ಕೆಟಲಿನ ಬುಡಕ್ಕೆ ಬಿಸಿಲು ಹಾಯಿಸಿ ನೀರನ್ನು ಕೊತಕೊತ ಕುದಿಸುತ್ತಿದ್ದವು. ತನ್ನ ದಡದಲ್ಲಿ ಬಿಸಿಲು ಕಡಿಮೆಯೆಂದು ಅದನ್ನು ಪರೀಕ್ಷಿಸಲು ಭಾವಮೈದುನನ ಮಾಳಿಗೆಗೆ ಒಯ್ದ. ಇಬ್ಬರೂ ಸೇರಿ ಚಹಾ ಕುದಿಸಿದರು, ಮೊಟ್ಟೆ ಬೇಯಿಸಿದರು, ಒಬ್ಬರ ಬೆನ್ನನ್ನು ಒಬ್ಬರು ತಟ್ಟಿಕೊಂಡರು. ಕೆಟಲು ಇಳಿಸಿಕೊಂಡು ಕೆಳಗೆ ಚಹಾ ಕುಡಿಯಲು ಹೋದರು.

ಚಳಿಗಾಲಕ್ಕೆಂದು ಒಣಗಿಸಿದ ಮೇವನ್ನೆಲ್ಲ ಆ ನಾಡಿನಲ್ಲಿ ಮಾಳಿಗೆಯ ಅಂಚಿಗೇ ಒಟ್ಟುತ್ತಾರೆ. ಕೆಟಲು ಇಲ್ಲದ ಒಲೆಯ ಮೇಲೆ ಬಟ್ಟೆ ಮುಚ್ಚಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸೂರ್ಯ ತನ್ನ ಪಾಡಿಗೆ ತಾನು ಸರಿದ. ಒಲೆಯ ಕಣ್ಣು ಹುಲ್ಲಿನ ಕಡೆ ತಿರುಗಿತು.

ಮನೆ ಉಳಿಯಿತು, ಹುಲ್ಲು ಉಳಿಯಲಿಲ್ಲ. ಅದೇ ದಿನ ಪುಂಚೋಕ್ ತನ್ನ ಮಾಳಿಗೆಯ ಅರ್ಧ ಹುಲ್ಲನ್ನು ಬೆನ್ನ ಮೇಲೆ ಹೊತ್ತು ಹೊಳೆಯ ಮಂಜುಗಡ್ಡೆಯ ಮೇಲೆ ಆಚೆಗೂ ಈಚೆಗೂ ತಿರುಗಿದ. ಗ್ಯಾಲ್ಸನ್ ಹುಲ್ಲು ಇಳಿಸಿಕೊಂಡ. ಮಾತು ಮಾತ್ರ ಆಡಲಿಲ್ಲ. ಕೊನೆಯ ಹೊರೆ ಇಳಿಸಿದಾಗ, “ನಿನ್ನ ಬಿಸಿಲು ನಿನ್ನ ದಡದಲ್ಲಿರಲಿ,” ಎಂದು ಹೇಳಿ ಒಳಗೆ ಹೋದ. ಮಾರನೆಯ ಬೆಳಿಗ್ಗೆ ತಾಮ್ರದ ಹಂಡೆಯ ಮೇಲೆ ಬೆಳಕು ಬೀಳಲಿಲ್ಲ.

ಪುಂಚೋಕ್ ಎರಡು ದಿನ ಮಂಕಾಗಿ ಕುಳಿತಿದ್ದ. ಆಮೇಲೆ ಎದ್ದು ಮನೆಯ ದಕ್ಷಿಣದ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡತೊಡಗಿದ.

“ಏನ್ ನೋಡ್ತಿದ್ದೀಯ?” ಎಂದಿದ್ದಳು ಛೋರೊಲ್.

“ನಮ್ಮ ದಡಕ್ಕೆ ಬರೋ ಬಿಸಿಲು ಸ್ವಲ್ಪವೇ. ಬಂದದ್ದು ವಾಪಸು ಹೋಗದ ಹಾಗೆ ಮಾಡಿದರೆ?”

ಆ ಮನೆಗೆ ಆಮೇಲೆ ಬಂದದ್ದೆಲ್ಲ ಆ ಮಾತಿನಿಂದಲೇ ಬಂತು. ಗಂಡ ಏನು ಮಾಡಿದರೂ ಅದರಲ್ಲಿ ಅಣ್ಣನಿಗೆ ಕೊಟ್ಟ ಉತ್ತರವೊಂದು ಅಡಗಿದೆಯೆಂದು ಛೋರೊಲ್‌ಗೆ ಅನಿಸುತ್ತಿತ್ತು. ಅವನನ್ನು ಕೇಳಿದರೆ, “ಬೆಚ್ಚಗಿದೆಯೋ ಇಲ್ಲವೋ ಹೇಳು,” ಎನ್ನುತ್ತಿದ್ದ. ಹಬ್ಬದಲ್ಲಿ ಎದುರಾದರೆ ಭಾವ ಭಾವಮೈದುನರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಇಬ್ಬರಿಗೂ ತಲೆ ನರೆತರೂ ಇಬ್ಬರಲ್ಲಿ ಒಬ್ಬರೂ ಮೊದಲ ಮಾತಿಗೆ ಬಾಯಿ ತೆರೆಯಲಿಲ್ಲ.

*

ಉಗ್ರಾಣದಿಂದ ಅವನನ್ನು ಹೊರತಂದರು. ಮಂಡಿ ಮಡಿಚಿ ಕೂರಿಸಿ ಬಿಳಿ ಬಟ್ಟೆ ಸುತ್ತಿದ ಮೈ, ಪಲ್ಲಕ್ಕಿಯಂಥ ಮರದ ಚೌಕಟ್ಟಿನೊಳಗೆ ಚಿಕ್ಕದಾಗಿ ಕಂಡಿತು. ವಲ್ಲಿಗಳ ರಾಶಿಯೇ ಅವನಿಗಿಂತ ದೊಡ್ಡದಿತ್ತು. ಛೋರೊಲ್ ಅದಕ್ಕೆ ಹಣೆ ಮುಟ್ಟಿಸಿದಳು. ಕುರಿದೊಗಲ ಹೊದಿಕೆಯನ್ನು ಇಶೇ ತಾನೇ ಕೇಳಿ ಪಡೆದು ಚೌಕಟ್ಟಿನೊಳಗೆ ಇಟ್ಟ. ಈಗ ಅದೂ ತಣ್ಣಗಾಗಿತ್ತು.

ಸುಡುವ ಜಾಗಕ್ಕೆ ಹೆಂಗಸರು ಹೋಗುವ ರೂಢಿಯಿಲ್ಲ. ಡೋಲು, ತಾಳಗಳ ಸದ್ದು ಇಳಿಜಾರಿನಲ್ಲಿ ಇಳಿಯತೊಡಗಿದಾಗ ಅವಳು ಮಗಳ ಕೈ ಹಿಡಿದು ಮಾಳಿಗೆ ಹತ್ತಿದಳು. ಕಪ್ಪು ಪೀಪಾಯಿಯ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಬೆಟ್ಟದ ನೆರಳು ಅಂಗಳ, ಹೊಲ, ಹೊಳೆದಂಡೆಯ ದಾರಿಯನ್ನೆಲ್ಲ ಒಂದೇ ಬಣ್ಣ ಮಾಡಿತ್ತು. ಹೊಳೆಯಾಚೆ ಮಾತ್ರ ಮನೆಗಳ ಸುಣ್ಣದ ಗೋಡೆಗಳು ಹಳದಿಗೆ ತಿರುಗಿದ್ದವು.

“ಅಮಾ, ಅಲ್ಲಿ ನೋಡು,” ಎಂದಳು ಯಾಂಗ್ಡೋಲ್.

ಗ್ಯಾಲ್ಸನ್‌ನ ಮಾಳಿಗೆಯ ಮೇಲೆ ಏನೋ ಕಣ್ಣು ಕುಕ್ಕುವಂತೆ ಹೊಳೆದು ಆರಿತು. ಮತ್ತೆ ಹೊಳೆಯಿತು.

ಬೆಳಕಿನ ಬಿಲ್ಲೆ ಮೊದಲು ಹೊಳೆಯ ಮಂಜುಗಡ್ಡೆಯ ಮೇಲೆ ಬಿದ್ದು ತತ್ತರಿಸಿತು. ದಡ ಹತ್ತಿ, ಒಂದು ಮೇಕೆಯನ್ನು ಹಾದು, ದಾರಿ ತಪ್ಪಿ ಬರಿಯ ಹೊಲದಲ್ಲಿ ಅಲೆಯಿತು. ತೀರ ಮುದಿ ಕೈಗಳು ಹಿಡಿದ ಬೆಳಕು ಅದೆಂದು ಅದರ ನಡುಕವೇ ಹೇಳುತ್ತಿತ್ತು. ಆಮೇಲೆ ದಾರಿ ಸಿಕ್ಕಿತು. ತುಂಡುಪ್‌ನ ಮುಖಕ್ಕೆ ಬಡಿಯಿತು.

“ಅಯ್ಯಯ್ಯೋ, ಕಣ್ಣು!” ಎಂದು ಅವನು ಕೂಗಿದ್ದು ಮಾಳಿಗೆಯವರೆಗೂ ಕೇಳಿಸಿತು.

ಮೆರವಣಿಗೆ ನಿಂತಿತು. ಬಿಲ್ಲೆ ಅವನನ್ನು ಬಿಟ್ಟು ಅಂಗುಲ ಅಂಗುಲವಾಗಿ ಹಿಂದೆ ಸರಿದು, ಚೌಕಟ್ಟಿನ ಮೇಲೆ ಬಂದು ನಿಂತಿತು. ನೀಲಿ ನೆರಳಿನ ನಡುವೆ ಬಿಳಿ ವಲ್ಲಿಗಳು ಹೊತ್ತಿಕೊಂಡಂತೆ ಬೆಳಗಿದವು. ತಾಳ ಬಾರಿಸುತ್ತಿದ್ದವರು ಕೈ ತಡೆದು ಇಶೇಯ ಕಡೆ ನೋಡಿದರು. ಇಶೇ ತಿರುಗಿ ಮನೆಯ ಮಾಳಿಗೆಯನ್ನು ನೋಡಿದ. ಅಲ್ಲಿಗಿನ್ನೂ ಬಿಸಿಲು ಮುಟ್ಟಿರಲಿಲ್ಲ. ಆಮೇಲೆ ಆಚೆ ದಡವನ್ನು ನೋಡಿದ.

“ಇದರ ವಿಷಯ ಓನ್ಪೋ ಏನೂ ಹೇಳಿಲ್ಲ. ನಡೀರಿ, ನಡೀರಿ,” ಎಂದ. “ಸ್ವಲ್ಪ ನಿಧಾನವಾಗಿ ನಡೀರಿ. ಆಚೆ ದಡದ ಮುದುಕ ಹಿಂದೆ ಬೀಳ್ತಾನೆ.”

ಹೊತ್ತವರು ಹೆಜ್ಜೆ ಸಣ್ಣದು ಮಾಡಿದರು. ಬೆಳಕು ಅವರ ಜೊತೆಗೆ ನಡೆಯಿತು. ಕೆಲವೊಮ್ಮೆ ಹಿಂದೆ ಉಳಿದು, ಕೆಲವೊಮ್ಮೆ ಮುಂದೆ ಓಡಿ ಮತ್ತೆ ಬಂದು ಕೂಡಿಕೊಂಡು, ಸ್ತೂಪದ ತಿರುವಿನವರೆಗೂ ಅವನ ಮೇಲೇ ಇತ್ತು. ತಿರುವಿನಲ್ಲಿ ಚೌಕಟ್ಟು ಮರೆಯಾಯಿತು. ಬೆಳಕು ಸ್ತೂಪದ ಗೋಡೆಯ ಮೇಲೆ ಒಂಟಿಯಾಗಿ ನಿಂತಿತು.

ಯಾಂಗ್ಡೋಲ್ ಅಳುತ್ತಿದ್ದಳು. ಛೋರೊಲ್ ಅವಳ ಬೆನ್ನು ಸವರಿ, “ನಡಿ, ಕೆಳಗೆ ಹೋಗೋಣ,” ಎಂದಳು.

ಅಡಿಗೆಮನೆಯಲ್ಲಿ ಪದ್ಮಾ ಬಟ್ಟಲು ತೊಳೆಯುತ್ತಿದ್ದಳು. ಹೊಳೆಯ ಕಡೆಯ ಸಣ್ಣ ಕಿಟಕಿ ಇದ್ದಕ್ಕಿದ್ದಂತೆ ಬೆಳಗಿದಾಗ ಅವಳು ಬೆಚ್ಚಿ, “ಅಮ್ಮಾ, ಇದೇನಿದು!” ಎಂದು ಹಿಂದೆ ಸರಿದಳು. ಬಿಲ್ಲೆ ಗೋಡೆಯ ಮೇಲೆ ಕುರುಡನ ಕೈಯಂತೆ ತಡಕಾಡಿತು. ಸೌಟುಗಳ ಸಾಲು ದಾಟಿತು. ಗೂಡಿನಲ್ಲಿದ್ದ ತಾಮ್ರದ ಹಂಡೆಯನ್ನು ಕಂಡು ಅದರ ಮೇಲೆ ಕುಳಿತಿತು.

ಛೋರೊಲ್ ತೊಳೆದಿಟ್ಟ ಬಟ್ಟಲುಗಳಲ್ಲಿ ಪುಂಚೋಕ್‌ನ ಮರದ ಬಟ್ಟಲನ್ನು ಹುಡುಕಿ, ಅದಕ್ಕೆ ಬೆಣ್ಣೆ ತೇಲುವ ಚಹಾ ತುಂಬಿ, ಹಂಡೆಯ ಪಕ್ಕದಲ್ಲಿ ಬೆಳಕಿನೊಳಗೆ ಇಟ್ಟಳು. ಚಹಾದ ಹಬೆ ಬಂಗಾರದ ಬಣ್ಣದಲ್ಲಿ ಏಳತೊಡಗಿತು.

ಸ್ವಲ್ಪ ಹೊತ್ತಿಗೆ ಬೆಳಕು ಬಟ್ಟಲಿನ ಅಂಚಿನಿಂದ ಜಾರಿತು. ಹಂಡೆಯ ಕುತ್ತಿಗೆಗೆ, ಅಲ್ಲಿಂದ ಗೋಡೆಗೆ ಏರಿತು. ಹಬೆ ಬೂದಿಬಣ್ಣಕ್ಕೆ ತಿರುಗಿತು. ಛೋರೊಲ್ ಕದಲದೆ ಕಾದಳು.

ಬೆಳಕು ನಡುಗಿತು, ಆಮೇಲೆ, ಯಾರೋ ಮೆಲ್ಲಗೆ ಕೈ ಹಿಡಿದು ಕರೆತಂದಂತೆ, ಗೋಡೆಯಿಂದ ಇಳಿದು ಮತ್ತೆ ಬಟ್ಟಲಿನ ಮೇಲೆ ಬಂದು ನಿಂತಿತು.